ಗಣಪತಿ ಪೆಂಡಾಲಿನ ಗಿಟಾರು

ಪುಣೆಯಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ನೀರಾ ನದಿಯ ದಂಡೆಯ ಮೇಲೆ ಭೋರ್ ಸಿಗುತ್ತದೆ. ಪಂತಸಚಿವ ಮನೆತನ ಆಳಿದ ಪುಟ್ಟ ಸಂಸ್ಥಾನದ ರಾಜಧಾನಿ ಇದು. 1948ರ ಮಾರ್ಚ್‌ನಲ್ಲಿ ಸಂಸ್ಥಾನ ವಿಲೀನವಾಯಿತು, ಊರು ತಾಲ್ಲೂಕು ಕೇಂದ್ರವಾಗಿ ಉಳಿಯಿತು. ರಾಮನವಮಿ ಬಂದರೆ ರಾಜವಾಡೆಯಲ್ಲಿ ಉತ್ಸವ. ಈಚಿನ ದಶಕಗಳಲ್ಲಿ ಅದೇ ರಾಜವಾಡೆಯ ಕಂಬಸಾಲಿನ ಮುಂದೆ ಸಿನಿಮಾದವರ ಕ್ಯಾಮೆರಾ. ಸಂಗೀತದ ಚರಿತ್ರೆ ಬರೆಯುವವರು ಇಂಥ ಊರುಗಳನ್ನು ದಾಟಿಕೊಂಡು ಹೋಗುವುದೇ ರೂಢಿ. ಶಾಸ್ತ್ರೀಯದವರು ಪುಣೆ, ಮಿರಜ್, ಧಾರವಾಡ ಎನ್ನುತ್ತಾರೆ. ರಾಕ್ ಸಂಗೀತದವರು ಮುಂಬಯಿ, ಬೆಂಗಳೂರು, ಶಿಲ್ಲಾಂಗ್ ಎನ್ನುತ್ತಾರೆ. ಆದರೂ ಭೋರ್‌ನಂಥ ಊರನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆ ಕೇಳಬಹುದು. ಎಲೆಕ್ಟ್ರಿಕ್ ಗಿಟಾರು, ಬೇಸ್ ಗಿಟಾರು, ಡ್ರಮ್ ಸೆಟ್ಟು ಈ ನಾಡಿನ ತಾಲ್ಲೂಕು ಕೇಂದ್ರಗಳಿಗೆ ಯಾವ ದಾರಿಯಲ್ಲಿ ಬಂದವು? ನೃತ್ಯಶಾಲೆಗಳಿಲ್ಲದ, ಇಂಗ್ಲಿಷ್ ಹಾಡಿನ ಕ್ಲಬ್ಬುಗಳಿಲ್ಲದ ಊರುಗಳ ಕಿವಿ 1980ರ ಹೊತ್ತಿಗೆ ಈ ಸದ್ದನ್ನು ಮನೆಯದೇ ಎಂಬಂತೆ ಒಪ್ಪಿಕೊಂಡದ್ದು ಹೇಗೆ? ಮಹಾರಾಷ್ಟ್ರದ ಊರಿಗೆ ಕೇಳಿದ ಈ ಪ್ರಶ್ನೆಗೆ ಸಿಗುವ ಉತ್ತರವೇ ಕನ್ನಡದ ಒಂದು ರೆಕಾರ್ಡಿನ ಬೆಲೆ ಕಟ್ಟಲು ನೆರವಾಗುತ್ತದೆ. ಆ ರೆಕಾರ್ಡು 1981ರ ‘ಗೀತಾ’ ಚಿತ್ರದ್ದು. ಪಾಶ್ಚಾತ್ಯರು ಪವರ್ ಪಾಪ್ ಎಂದು ಕರೆಯುವ ಬಗೆಯ ಸಂಗೀತದಲ್ಲಿ ನಮಗೊಂದು ಶ್ರೇಷ್ಠ ಆಲ್ಬಮ್ ಇದೆಯಾದರೆ ಅದು ಇದೇ ಎಂಬುದು ನನ್ನ ವಾದ.

ಪವರ್ ಪಾಪ್ ಎಂಬ ಹೆಸರು 1967ರಲ್ಲಿ ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡ್ ಬಾಯಿಂದ ಬಂದದ್ದು. ಬೀಟಲ್ಸ್ ತಂಡದ ಮಾಧುರ್ಯ, ಅದರ ಬೆನ್ನಿಗೆ ಗಡಸು ಗಿಟಾರು. ಮೂರು ನಾಲ್ಕು ನಿಮಿಷದೊಳಗೆ ಮುಗಿಯುವ ಬಿಗಿ ಕಟ್ಟಡ. ಮೊದಲ ಕೇಳ್ವಿಕೆಗೇ ನಾಲಿಗೆಗೆ ಹತ್ತುವ ಪಲ್ಲವಿ. ಹದಿಹರೆಯದ ಪ್ರೀತಿಯ ವಸ್ತು, ಆದರೆ ಅಡಿಯಲ್ಲಿ ಎಲ್ಲೋ ಒಂದು ಅಳಲು. ಅಮೆರಿಕದ ಮೆಂಫಿಸ್ ನಗರದ ಬಿಗ್ ಸ್ಟಾರ್ ತಂಡ 1972ರಲ್ಲಿ ತಂದ ‘ನಂಬರ್ 1 ರೆಕಾರ್ಡ್’ ಈ ಪಂಥದವರಿಗೆ ಆದಿಗ್ರಂಥವಿದ್ದಂತೆ. ವಿಮರ್ಶಕರು ಮೆಚ್ಚಿದರು, ಹಂಚಿಕೆದಾರರ ಅವ್ಯವಸ್ಥೆಯಿಂದ ಅದು ಅಂಗಡಿಗಳಿಗೇ ಸರಿಯಾಗಿ ತಲುಪಲಿಲ್ಲ. ಹೆಸರು ಮಾತ್ರ ‘ಮೊದಲ ನಂಬರಿನ ರೆಕಾರ್ಡು’. 1979ರಲ್ಲಿ ‘ದಿ ನ್ಯಾಕ್’ ತಂಡದ ‘ಮೈ ಶರೋನಾ’ ಜನಪ್ರಿಯವಾದಾಗ ಈ ಶೈಲಿಗೆ ದೊಡ್ಡ ಮಾರುಕಟ್ಟೆ ಸಿಕ್ಕಿತು. ಇಲ್ಲಿ ಗಮನಿಸಬೇಕಾದದ್ದು ಶೈಲಿಯನ್ನು ಹುಟ್ಟಿಸಿದ ಒತ್ತಡಗಳನ್ನು. ರೆಕಾರ್ಡಿನ ತಟ್ಟೆ ಕೊಡುತ್ತಿದ್ದ ಜಾಗ ಅಷ್ಟೇ, ರೇಡಿಯೊ ಕೊಡುತ್ತಿದ್ದ ವೇಳೆ ಅಷ್ಟೇ, ಕೇಳುವವರು ಎಳೆಯರು. ಈ ಮೂರೂ ಸೇರಿದ ಕಡೆ ಹಾಡು ಚಿಕ್ಕದಾಗುತ್ತದೆ, ಚುರುಕಾಗುತ್ತದೆ, ಸಿಹಿಯಾಗುತ್ತದೆ. ನಮ್ಮಲ್ಲಿ ಈ ಮೂರೂ ಸೇರಿದ್ದು ಸಿನಿಮಾ ಹಾಡಿನಲ್ಲಿ.

ಬೆಂಗಳೂರಿನಲ್ಲಿ ರಾಕ್ ತಂಡಗಳಿರಲಿಲ್ಲವೇ ಎಂದು ಕೇಳಬಹುದು. ಧಾರಾಳವಾಗಿ ಇದ್ದವು. 1970ರ ದಶಕದಲ್ಲಿ ಹ್ಯೂಮನ್ ಬಾಂಡೇಜ್ ಎಂಬ ತಂಡ ಹೆಸರು ಮಾಡಿತ್ತು. ಸಿಗರೇಟು ಕಂಪನಿಯೊಂದು ನಡೆಸಿದ ಸಿಮ್ಲಾ ಬೀಟ್ ಸ್ಪರ್ಧೆಯಲ್ಲಿ ದೇಶದ ನಾನಾ ಊರಿನ ಹುಡುಗರು ಗಿಟಾರು ಹಿಡಿದು ನಿಂತರು; 1970 ಮತ್ತು 71ರ ಸ್ಪರ್ಧೆಗಳ ಎಲ್‌ಪಿಗಳನ್ನು ಇಂದು ವಿದೇಶದ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಅದಕ್ಕೂ ಮೊದಲು, 1960ರ ದಶಕದಲ್ಲಿ, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಕೊಡವ ಹುಡುಗ ಬಿದ್ದು ಅಪ್ಪಯ್ಯ ಟ್ರೋಜನ್ಸ್ ಎಂಬ ತಂಡದಲ್ಲಿ ಹಾಡುತ್ತಿದ್ದ. ಅವನು ಲಂಡನ್ನಿಗೆ ಹೋಗಿ ನಿರ್ಮಿಸಿದ ‘ಕುಂಗ್ ಫೂ ಫೈಟಿಂಗ್’ 1974ರಲ್ಲಿ ಬ್ರಿಟನ್ ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಮುಂದೆ ಬಿದ್ದು ಹಿಂದಿಗೆ ‘ಆಪ್ ಜೈಸಾ ಕೋಯಿ’ ಕೊಟ್ಟರು, 1981ರಲ್ಲಿ ನಾಜಿಯಾ ಹಸನ್ ಜೊತೆ ‘ಡಿಸ್ಕೋ ದೀವಾನೆ’ ಆಲ್ಬಮ್ ತಂದರು. ಇಷ್ಟೆಲ್ಲ ಆದರೂ ಈ ಸಾಲಿನಲ್ಲಿ ಕನ್ನಡದ ಹಾಡು ಇಲ್ಲ. ದಂಡು ಪ್ರದೇಶದ ಕ್ಲಬ್ಬು, ಹೋಟೆಲು, ಕಾಲೇಜು ಉತ್ಸವಗಳ ಭಾಷೆ ಇಂಗ್ಲಿಷ್. ಅಲ್ಲಿ ಗಿಟಾರು ಹಿಡಿದವನಿಗೆ ಕನ್ನಡದಲ್ಲಿ ಹಾಡಬೇಕೆಂಬ ಅಗತ್ಯವೂ ಇರಲಿಲ್ಲ, ಹಾಡಿದರೆ ಕೇಳುವ ಸಭೆಯೂ ಇರಲಿಲ್ಲ. ಕನ್ನಡದಲ್ಲಿ ಹಾಡುವ ಗಿಟಾರು ತಂಡಗಳು ದೇಶದ ಗಮನ ಸೆಳೆದದ್ದು ತೀರ ಈಚೆಗೆ. 2008ರ ಹೊತ್ತಿಗೆ ಬಂದ ರಘು ದೀಕ್ಷಿತ್ ತಂಡದ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ತತ್ವಪದವಿತ್ತು. ಅದು ಒಳ್ಳೆಯ ಸಂಗೀತವೇ. ಆದರೆ ಅದರ ಬೇರು ಜನಪದದಲ್ಲಿದೆ. ಸಿಹಿ ಪಲ್ಲವಿಯ ಹಾದಿ ಅದಲ್ಲ.

ಹಾಗಾದರೆ ಆ ಹಾದಿ ಯಾವುದು? ಮೊದಲು ರೇಡಿಯೊ. 1952ರಲ್ಲಿ ಕೇಂದ್ರದ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಮಹಾರಾಷ್ಟ್ರದವರು, ಶಾಸ್ತ್ರೀಯ ಸಂಗೀತದ ಕಟ್ಟಾಳು. ಸಿನಿಮಾ ಹಾಡು ಕಿವಿ ಕೆಡಿಸುತ್ತದೆಂದು ಅವರ ನಂಬಿಕೆ. ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ಹೆಚ್ಚುಕಡಿಮೆ ಮಾಯವೇ ಆಯಿತು. ಫಲ ಏನಾಯಿತೆಂದರೆ ದೇಶದ ಕಿವಿ ಸಿಲೋನ್ ರೇಡಿಯೊ ಕಡೆ ತಿರುಗಿತು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಕೇಳಲು ಊರೂರಿನಲ್ಲಿ ಜನ ರೇಡಿಯೊ ಇದ್ದ ಮನೆ, ಹೋಟೆಲುಗಳ ಮುಂದೆ ಸೇರಿದರು. 1957ರ ಅಕ್ಟೋಬರ್‌ನಲ್ಲಿ ವಿವಿಧ ಭಾರತಿ ಶುರುವಾದದ್ದು ಈ ಸೋಲನ್ನು ಒಪ್ಪಿಕೊಂಡಂತೆಯೇ. ಮುಂಬಯಿಯ ಗೋವನ್ ವಾದ್ಯಗಾರರು ಸಿನಿಮಾ ಹಾಡಿನೊಳಗೆ ಸೇರಿಸಿದ ಟ್ರಂಪೆಟ್, ಸ್ಯಾಕ್ಸಫೋನ್, ಗಿಟಾರುಗಳು ಕೇಸ್ಕರ್ ಮುಚ್ಚಿದ ಬಾಗಿಲನ್ನು ಬಳಸಿ ಕಿಟಕಿಯಿಂದ ಬಂದವು. ಭೋರ್‌ಗೂ ಬಂದವು, ಬಾದಾಮಿಗೂ ಬಂದವು.

ಆದರೆ ರೇಡಿಯೊದಲ್ಲಿ ಕೇಳುವುದು ಬೇರೆ, ಕಣ್ಣೆದುರು ಒಬ್ಬ ಹುಡುಗ ಗಿಟಾರು ನುಡಿಸುವುದನ್ನು ನೋಡುವುದು ಬೇರೆ. ಸಣ್ಣ ಊರಿನವರಿಗೆ ಇದನ್ನು ತೋರಿಸಿದ್ದು ಗಣಪತಿ ಪೆಂಡಾಲು. ಲೋಕಮಾನ್ಯ ತಿಲಕರು 1893ರಿಂದ ಪುಣೆಯಲ್ಲಿ ಸಾರ್ವಜನಿಕ ಗಣೇಶೋತ್ಸವಕ್ಕೆ ಬಲ ತುಂಬಿದಾಗ ಅದರೊಂದಿಗೆ ‘ಮೇಳೆ’ಗಳು ಬೆಳೆದವು. ಒಂದೇ ಬಗೆಯ ವೇಷ ತೊಟ್ಟ ಹುಡುಗರ ಹಾಡುಗುಂಪುಗಳು ಇವು. ಹೊಸದಾಗಿ ಕಟ್ಟಿದ ಪದಗಳನ್ನು, ಜನಕ್ಕೆ ಗೊತ್ತಿದ್ದ ಧಾಟಿಯಲ್ಲಿ, ಚೌಕ ಚೌಕಗಳಲ್ಲಿ ಒಕ್ಕೊರಲಿನಿಂದ ಹಾಡುತ್ತಿದ್ದವು. ಅವುಗಳಲ್ಲಿದ್ದ ರಾಜಕೀಯ ಕಂಡು ಬ್ರಿಟಿಷ್ ಸರಕಾರ ಕೆಂಗಣ್ಣು ಬೀರಿತು. ಎಳೆಯರ ಗುಂಪು, ಚಿಕ್ಕ ಹಾಡು, ನೆನಪಿನಲ್ಲಿ ಉಳಿಯುವ ಪಲ್ಲವಿ: ಇದನ್ನು ಪವರ್ ಪಾಪ್ ಎಂದು ಕರೆದರೆ ನಗೆಪಾಟಲು, ಆದರೆ ಬ್ಯಾಂಡು ಎಂಬ ಕಲ್ಪನೆ ನಮ್ಮ ಬೀದಿಗೆ ಬಂದದ್ದು ಹೀಗೆ. ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಕೊಂದ ಚಾಪೇಕರ್ ಸೋದರರು ಕೂಡ ಒಂದು ಲೆಕ್ಕದಲ್ಲಿ ಕುಟುಂಬದ ವಾದ್ಯಮೇಳದಿಂದ ಬಂದವರೇ. ತಂದೆ ಕೀರ್ತನಕಾರರು, ಪಕ್ಕವಾದ್ಯದವರಿಗೆ ಕೊಡಲು ಹಣವಿಲ್ಲದೆ ಮಕ್ಕಳಿಗೇ ವಾದ್ಯ ಕಲಿಸಿದ್ದರು.

ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ, ಧಾರವಾಡಗಳಿಗೆ ಈ ಉತ್ಸವ ಬೇಗ ಬಂತು, ಆಮೇಲೆ ಮೈಸೂರು ಸೀಮೆಗೂ ಇಳಿಯಿತು. ಬೆಂಗಳೂರಿನಲ್ಲಿ ಶ್ರೀ ವಿದ್ಯಾರಣ್ಯ ಯುವಕ ಸಂಘ 1962ರಲ್ಲಿ ಆರಂಭಿಸಿದ ಗಣೇಶ ಉತ್ಸವ ಇಂದಿಗೂ ನಡೆಯುತ್ತಿದೆ. ಕುತೂಹಲದ ಸಂಗತಿ ಒಂದಿದೆ. ನಮ್ಮಲ್ಲಿ ರಾಮನವಮಿ ಶಾಸ್ತ್ರೀಯ ಸಂಗೀತಕ್ಕೆ ಮೀಸಲಾಯಿತು. 1939ರಲ್ಲಿ ಹುಟ್ಟಿದ ಚಾಮರಾಜಪೇಟೆಯ ರಾಮಸೇವಾ ಮಂಡಳಿಯ ಕಛೇರಿಗಳೇ ಸಾಕ್ಷಿ. ಗಣಪತಿ ಮಾತ್ರ ಎಲ್ಲರಿಗೂ ಜಾಗ ಕೊಟ್ಟ. ಹರಿಕಥೆ ಒಂದು ದಿನ, ನಾಟಕ ಒಂದು ದಿನ, ವಿಸರ್ಜನೆಯ ಹಿಂದಿನ ರಾತ್ರಿ ರಸಮಂಜರಿ. ರಸಮಂಜರಿ ಎಂಬ ಸಂಸ್ಕೃತದ ಹೆಸರಿನ ಕೆಳಗೆ ನಡೆಯುತ್ತಿದ್ದದ್ದು ನಿಜವಾದ ವಿದ್ಯುತ್ ಬ್ಯಾಂಡು: ಲೀಡ್ ಗಿಟಾರು, ಬೇಸ್, ಡ್ರಮ್ಮು, ಕೀಬೋರ್ಡು, ಪಕ್ಕದಲ್ಲೇ ತಬಲಾ, ಢೋಲಕ್ಕು, ಎದುರಿಗೆ ಎಕೋ ಹಾಕಿದ ಮೈಕು. ಮರಾಠಿಯವರು ಇದನ್ನೇ ‘ಆರ್ಕೆಸ್ಟ್ರಾ’ ಎಂದರು. ಬಿಗ್ ಸ್ಟಾರ್ ಹೆಸರು ಕೇಳದ ಲಕ್ಷಾಂತರ ಜನ ಅದರ ವಾದ್ಯಗಳನ್ನು ಕಂಡದ್ದು ಇಲ್ಲಿ. ರಸಮಂಜರಿಯವರು ಸಿನಿಮಾ ಹಾಡಿನ ನಕಲು ಮಾಡುತ್ತಾರಷ್ಟೆ ಎಂದು ಸಂಗೀತಜ್ಞರು ಮೂಗು ಮುರಿಯುವುದುಂಟು. ಪವರ್ ಪಾಪ್ ಹುಟ್ಟಿದ್ದು ಕೂಡ ಬೀಟಲ್ಸ್ ಹಾಡಿನ ನಕಲಿನಿಂದಲೇ. ಇಷ್ಟಪಟ್ಟು ಮಾಡಿದ ನಕಲಿನಲ್ಲಿ ಕೈ ಪಳಗುತ್ತದೆ.

ಪೆಂಡಾಲಿನಲ್ಲಿ ಹಾಡುವ ಹಾಡು ಮಾತ್ರ ಹುಟ್ಟುತ್ತಿದ್ದದ್ದು ಮದರಾಸಿನಲ್ಲಿ. ಅಲ್ಲಿ ಕನ್ನಡ ಸಿನಿಮಾ ಸಂಗೀತದ ಹಿರಿಯ ಜಿ.ಕೆ. ವೆಂಕಟೇಶ್ ಕೈಕೆಳಗೆ 1970ರ ದಶಕದಲ್ಲಿ ಗಿಟಾರು ನುಡಿಸುತ್ತ, ಸ್ವರಲಿಪಿ ಬರೆಯುತ್ತ, ಸಹಾಯಕನಾಗಿದ್ದವರು ಇಳಯರಾಜ. ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತದ ವ್ಯಾಕರಣ ಕಲಿತಿದ್ದರು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಗಿಟಾರು ಪರೀಕ್ಷೆ ಪಾಸು ಮಾಡಿದ್ದರು. ವೆಂಕಟೇಶ್ ಹೊಸ ಸದ್ದಿಗೆ ಹೆದರುವವರಲ್ಲ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕೆ ಡಾ. ರಾಜಕುಮಾರರಿಂದ ಇಂಗ್ಲಿಷ್ ಹಾಡನ್ನೇ ಹಾಡಿಸಿದರು. ಅದನ್ನು ಇಂದು ತಮಾಷೆಯಾಗಿ ಕೇಳುವವರೇ ಹೆಚ್ಚು. ಆದರೆ ಆ ಹಾಡಿನ ವಿನೋದದ ಹಿಂದೆ ಒಂದು ತೊಡಕು ಕಾಣುತ್ತದೆ: ಪಾಶ್ಚಾತ್ಯ ಧಾಟಿ ಬೇಕೆಂದರೆ ಇಂಗ್ಲಿಷ್ ಮಾತೇ ಬೇಕೇನೋ ಎಂಬ ಅನುಮಾನ. ಬೆಂಗಳೂರಿನ ಕ್ಲಬ್ ತಂಡಗಳನ್ನು ಕಟ್ಟಿಹಾಕಿದ್ದು ಕೂಡ ಇದೇ ಅನುಮಾನ. ಮೂರು ವರ್ಷದ ಬಳಿಕ ವೆಂಕಟೇಶರ ಶಿಷ್ಯ ಅದನ್ನು ಬಿಡಿಸಿದರು.

‘ಗೀತಾ’ದ ನಿರ್ದೇಶಕ, ನಾಯಕ ಶಂಕರ್ ನಾಗ್. ಹೊನ್ನಾವರದ ಕಡೆಯವರು, ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಬೆಳೆದವರು. ಚಾಪೇಕರ್ ಸೋದರರ ಕಥೆ ಹೇಳುವ ‘22 ಜೂನ್ 1897’ (1979) ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿ ಅವರ ಕೈಯಿತ್ತು. ಅಂದರೆ ಗಣೇಶೋತ್ಸವದ, ಮೇಳೆಗಳ ಆ ಪುಣೆಯನ್ನು ಕಾಗದದ ಮೇಲೆ ಕಟ್ಟಿದವರಲ್ಲಿ ಒಬ್ಬರು ಎರಡು ವರ್ಷದೊಳಗೆ ಕನ್ನಡದಲ್ಲಿ ಗಾಯಕನೊಬ್ಬನ ಸಿನಿಮಾ ಮಾಡಿದರು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಮರಾಠಿ ಕನ್ನಡಗಳ ನಡುವೆ ಓಡಾಡಿದ ಮನಸ್ಸೊಂದು ಈ ರೆಕಾರ್ಡಿನ ಹಿಂದಿದೆ ಎಂಬುದಷ್ಟೇ ನಿಜ. ಕಥೆ ಸರಳ: ಹಾಡುವ ಹುಡುಗ, ಅವನು ಪ್ರೀತಿಸುವ ಹುಡುಗಿ, ಅವಳಿಗೆ ವಾಸಿಯಾಗದ ಕಾಯಿಲೆ. ಸಂಗೀತ ಇಳಯರಾಜರದು, ಸಾಹಿತ್ಯ ಚಿ. ಉದಯಶಂಕರ್ ಅವರದು.

ಹಾಡುಗಳನ್ನು ಒಂದರ ಹಿಂದೆ ಒಂದು ಕೇಳಿದರೆ ಕಟ್ಟಡ ಕಾಣುತ್ತದೆ. ಒಂದು ತುದಿಯಲ್ಲಿ ‘ಸಂತೋಷಕ್ಕೆ’. ಎಸ್.ಪಿ. ಬಾಲಸುಬ್ರಹ್ಮಣ್ಯಂ ಇಲ್ಲಿ ಗಮಕದ ಗಾಯಕರಾಗಿ ಉಳಿದಿಲ್ಲ. ಪದವನ್ನು ಎಸೆಯುತ್ತಾರೆ, ಹಿಡಿಯುತ್ತಾರೆ, ಸ್ವರದ ನಡುವೆ ನಗುತ್ತಾರೆ. ಡ್ರಮ್ಮು ಗಿಟಾರುಗಳು ಅಲಂಕಾರವಾಗಿ ಬಂದಿಲ್ಲ, ಹಾಡು ಅವುಗಳ ಮೇಲೆಯೇ ನಿಂತಿದೆ. ಹಳೆಯ ಸಿನಿಮಾ ಹಾಡುಗಳಲ್ಲಿ ಪಾಶ್ಚಾತ್ಯ ವಾದ್ಯಗಳು ಹೆಚ್ಚಾಗಿ ಚರಣಗಳ ನಡುವಿನ ಬಿಡುವು ತುಂಬಲು ಬರುತ್ತಿದ್ದವು; ಗಾಯಕ ಬಾಯಿ ತೆರೆದೊಡನೆ ಹಿಂದೆ ಸರಿಯುತ್ತಿದ್ದವು. ಇಳಯರಾಜರ ಹಾಡಿನಲ್ಲಿ ಬೇಸ್ ಗಿಟಾರು ಹಿಂದೆ ಸರಿಯುವುದಿಲ್ಲ. ಗಾಯಕ ಒಂದು ರಾಗಸಂಚಾರ ಮಾಡುತ್ತಿದ್ದರೆ ಕೆಳಗೆ ಬೇಸ್ ತನ್ನದೇ ಇನ್ನೊಂದು ಸಂಚಾರ ಮಾಡುತ್ತಿರುತ್ತದೆ. ಎರಡಕ್ಕೂ ಜಗಳವಿಲ್ಲ. ಧನರಾಜ್ ಮಾಸ್ಟರ್ ಕಲಿಸಿದ ಕೌಂಟರ್‌ಪಾಯಿಂಟ್ ವಿದ್ಯೆ ಇದು. ಬೀಟಲ್ಸ್ ತಂಡದಲ್ಲಿ ಪಾಲ್ ಮೆಕಾರ್ಟ್ನಿ ಬೇಸ್ ನುಡಿಸುತ್ತಿದ್ದ ಬಗೆಯೂ ಇದಕ್ಕೆ ದೂರದ ನೆಂಟನೇ. ಇನ್ನೊಂದು ತುದಿಯಲ್ಲಿ ‘ಕೇಳದೆ ನಿಮಗೀಗ’. ಅದೇ ಕಂಠ, ಆದರೆ ಕುಣಿದ ಮೈ ಈಗ ಭಾರವಾಗಿದೆ. ಸಂತೋಷದ ಹಾಡನ್ನು ಮೊದಲು ಕೇಳಿದವನಿಗೆ ಈ ಹಾಡು ಹೆಚ್ಚು ನೋಯಿಸುತ್ತದೆ. ಪವರ್ ಪಾಪ್ ಆಲ್ಬಮ್ಮುಗಳ ಗುಟ್ಟು ಇಲ್ಲೇ ಇರುವುದು: ಸಿಹಿಯನ್ನು ಎಷ್ಟು ಗಟ್ಟಿಯಾಗಿ ಹಾಡುತ್ತಾರೆಂದರೆ ಅದು ಉಳಿಯುವುದಿಲ್ಲವೆಂಬ ಭಯ ಕೇಳುಗನಿಗೆ ತಟ್ಟಬೇಕು.

ಆಕ್ಷೇಪಗಳು ಬರುತ್ತವೆ, ಬರಲೇಬೇಕು. ಮೊದಲನೆಯದು, ಸಿನಿಮಾ ಹಾಡಿನ ರೆಕಾರ್ಡು ಆಲ್ಬಮ್ ಹೇಗಾದೀತು? ಅದು ಕಥೆಯ ಸನ್ನಿವೇಶಕ್ಕೆ ತಕ್ಕಂತೆ ಹೊಲಿದ ತುಂಡುಗಳು ತಾನೆ? ಅನೇಕ ಚಿತ್ರಗಳ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಭಕ್ತಿಗೊಂದು, ಕುಡುಕನಿಗೊಂದು, ಕ್ಯಾಬರೆಗೊಂದು ಎಂಬ ಹಂಚಿಕೆಯ ರೆಕಾರ್ಡುಗಳನ್ನು ಆಲ್ಬಮ್ ಎನ್ನುವುದು ಕಷ್ಟ. ‘ಗೀತಾ’ದಲ್ಲಿ ನಾಯಕನೇ ಹಾಡುಗಾರನಾದ್ದರಿಂದ ಹಾಡುಗಳು ಒಬ್ಬನ ಬಾಳಿನ ದಿನಚರಿಯಂತೆ ಬರುತ್ತವೆ. ಕಥೆ ಮರೆತವರಿಗೂ ಆ ಸರಣಿ ದಕ್ಕುತ್ತದೆ. ಬೆಂಗಳೂರಿನ ಆಟೊಗಳ ಹಿಂದೆ ಶಂಕರ್ ನಾಗ್ ಚಿತ್ರ ಇಂದಿಗೂ ಕಾಣುತ್ತದೆ, ಒಳಗೆ ಇವೇ ಹಾಡುಗಳು ಕೇಳುತ್ತವೆ. ಅವನ್ನು ಹಾಕಿಕೊಳ್ಳುವ ಚಾಲಕರಲ್ಲಿ ಎಷ್ಟೋ ಜನ 1981ರಲ್ಲಿ ಹುಟ್ಟಿಯೂ ಇರಲಿಲ್ಲ. ಸಿನಿಮಾದ ಊರುಗೋಲಿಲ್ಲದೆ ನಡೆಯುವ ಹಾಡುಗಳಿಗೆ ಆಲ್ಬಮ್ ಎಂಬ ಹೆಸರು ಸಲ್ಲಬೇಕು.

ಎರಡನೆಯ ಆಕ್ಷೇಪ ಇನ್ನೂ ಹರಿತವಾದದ್ದು. ಸಂಯೋಜಕರು ತಮಿಳುನಾಡಿನವರು, ಗಾಯಕರು ತೆಲುಗು ಮನೆಮಾತಿನವರು, ಹಾಡು ಹುಟ್ಟಿದ್ದು ಮದರಾಸಿನಲ್ಲಿ. ಇದರಲ್ಲಿ ಕನ್ನಡ ಎಲ್ಲಿದೆ? ಆ ಕಾಲದ ಕನ್ನಡ ಚಿತ್ರಗೀತೆಗಳ ಬಹುಪಾಲು ಮುದ್ರಣವಾಗುತ್ತಿದ್ದದ್ದೇ ಮದರಾಸಿನಲ್ಲಿ. ಈ ಕೊರತೆ ಶಂಕರ್ ನಾಗ್‌ಗೆ ಚುಚ್ಚಿದ್ದರಿಂದಲೇ ಮುಂದೆ ಅವರು ಬೆಂಗಳೂರಿನಲ್ಲಿ ಸಂಕೇತ್ ಧ್ವನಿಮುದ್ರಣ ಸ್ಟುಡಿಯೊ ಕಟ್ಟಿದರೆಂದು ನನ್ನ ಊಹೆ. ಇನ್ನು ಇಳಯರಾಜರ ಕಸುಬಿನ ಗಣನೀಯ ಭಾಗ ಕನ್ನಡ ಹಾಡುಗಳ ಕೆಲಸದಲ್ಲೇ, ವೆಂಕಟೇಶರ ಪಕ್ಕದಲ್ಲಿ, ಪಳಗಿದ್ದು. ಊರಿನ ಲೆಕ್ಕದಿಂದ ಸಂಗೀತ ಅಳೆಯುವುದಾದರೆ ಲಂಡನ್ನಿನಲ್ಲಿ ಬಿದ್ದು ಮಾಡಿದ ಹಾಡುಗಳನ್ನು ಕೊಡಗಿನ ಖಾತೆಗೆ ಹಾಕಬೇಕಾದೀತು. ಕನ್ನಡತನ ಹುಡುಕಬೇಕಾದದ್ದು ಸ್ಟುಡಿಯೊದ ವಿಳಾಸದಲ್ಲಲ್ಲ, ಅಕ್ಷರದಲ್ಲಿ.

ಮೂರನೆಯದಾಗಿ, ಇಲ್ಲಿನ ಗಿಟಾರು ಅಷ್ಟು ಗಡಸಾಗಿಲ್ಲವಲ್ಲ, ಪವರ್ ಎಲ್ಲಿದೆ ಎನ್ನುವವರು ಇದ್ದಾರೆ. ಇದು ಪೂರ್ತಿ ತಳ್ಳಿಹಾಕುವ ಮಾತಲ್ಲ. ಮೆಂಫಿಸ್‌ನ ಹುಡುಗರ ಗಿಟಾರು ಕೊಯ್ಯುವಂತೆ ‘ಗೀತಾ’ದ ಗಿಟಾರು ಕೊಯ್ಯುವುದಿಲ್ಲ, ಪಿಟೀಲುಗಳ ಗುಂಪು ಅದನ್ನು ಮೆತ್ತಗಾಗಿಸುತ್ತದೆ. ಇದರ ಶಕ್ತಿ ಬೇಸ್ ಮತ್ತು ತಾಳದಲ್ಲಿದೆ. ಪೆಂಡಾಲಿನ ದೊಡ್ಡ ಸ್ಪೀಕರಿನಲ್ಲಿ ಎದೆಗೆ ತಾಗುವುದು ಆ ಎರಡೇ.

ಅಕ್ಷರದ ಮಾತಿಗೆ ಬರೋಣ. ಎಸ್. ಜಾನಕಿಯವರ ಜೊತೆಗಿನ ‘ಜೊತೆಯಲಿ’ ಯುಗಳಗೀತೆ ಈ ರೆಕಾರ್ಡಿನ ಕಿರೀಟ. ಕುದುರೆಯ ಹದವಾದ ಓಟದಂತೆ ಅದರ ತಾಳ. ‘ಜೊತೆಯಲಿ’ ಎಂಬ ಪದವನ್ನೇ ನೋಡಿ: ನಾಲ್ಕು ಅಕ್ಷರ, ನಾಲ್ಕೂ ಲಘು. ಛಂದಸ್ಸು ಬಲ್ಲವರು ಇದನ್ನು ನಾಲ್ಕು ಮಾತ್ರೆಯ ಗಣವೆಂದು ಗುರುತಿಸುತ್ತಾರೆ. ಎಲ್ಲ ಲಘುವೇ ಆದ್ದರಿಂದ ಗೊರಸು ನೆಲ ಮುಟ್ಟಿದ ಹಾಗೆ ಟಕಟಕನೆ ಓಡುತ್ತದೆ. ಸಪ್ತಮಿ ವಿಭಕ್ತಿಯ ‘ಅಲ್ಲಿ’ಯನ್ನು ‘ಅಲಿ’ ಮಾಡಿ ಒತ್ತಕ್ಷರ ಕಳಚುವ ಸ್ವಾತಂತ್ರ್ಯ ನಮ್ಮ ಕವಿಗಳಿಗೆ ಹಳಗಾಲದಿಂದ ಇದೆ. ಉದಯಶಂಕರ್ ಆ ಹಳೆಯ ಸಲಿಗೆಯನ್ನು ಬೇಸ್ ಗಿಟಾರಿನ ಮೇಲೆ ಕೂರಿಸಿದರು. ಪಾಶ್ಚಾತ್ಯ ಧಾಟಿಗೆ ಕನ್ನಡ ಒಗ್ಗದೆಂಬ ಅನುಮಾನಕ್ಕೆ ಆ ನಾಲ್ಕು ಲಘುಗಳು ಸಾಕಾದವು.

ಇದೇ ಧಾಟಿ 1984ರಲ್ಲಿ ‘ನೂರಾವತು ನಾಳ್’ ಚಿತ್ರದಲ್ಲಿ ತಮಿಳಾಯಿತು. ಅಲ್ಲಿ ಮೊದಲ ಪದ ‘ವಿಳಿಯಿಲೇ’. ಮೂರು ಲಘುವಾದ ಮೇಲೆ ಕೊನೆಯ ಸ್ವರ ಎಳೆಯುತ್ತದೆ, ಓಟ ತುಸು ತಡೆಯುತ್ತದೆ. 2007ರಲ್ಲಿ ಆರ್. ಬಾಲ್ಕಿಯವರ ‘ಚೀನೀ ಕಮ್’ ಚಿತ್ರಕ್ಕೆ ಇಳಯರಾಜರೇ ಅದನ್ನು ಹಿಂದಿಗೆ ತಂದರು, ಶ್ರೇಯಾ ಘೋಷಾಲ್ ಹಾಡಿದರು. ಅಲ್ಲಿ ಹಾಡಿನ ಹೆಸರು ‘ಜಾನೇ ದೋ ನಾ’: ನಾಲ್ಕು ಅಕ್ಷರ, ನಾಲ್ಕೂ ಗುರು. ಧಾಟಿಯ ಮೂಲ ಒಂದೇ ಆದರೂ ಓಡುತ್ತಿದ್ದ ಕುದುರೆ ಇಲ್ಲಿ ತೂಗುವ ನಡಿಗೆಗೆ ಇಳಿದಿದೆ. ಕನ್ನಡದ ಗಡಿ ದಾಟಿ, ಮದರಾಸನ್ನೂ ಮುಂಬಯಿಯನ್ನೂ ಸುತ್ತಿ, ಪುಣೆಯ ದಾರಿಯ ಊರುಗಳಿಗೆ ಆ ಧಾಟಿ ಹೊಸ ಹಿಂದಿ ಹಾಡಾಗಿ ಬಂದು ಸೇರುವ ಹೊತ್ತಿಗೆ ಅದಕ್ಕೆ 26 ವರ್ಷ ತುಂಬಿತ್ತು. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನ ರಸ್ತೆ ಅಪಘಾತದಲ್ಲಿ ತೀರಿಕೊಂಡು 17 ವರ್ಷವಾಗುತ್ತ ಬಂದಿತ್ತು.